ಹಳ್ಳಿಯೋ, ಹಲ್ಲಿಯೋ? ಕನ್ನಡದ ಯುವಕರೇ, ಉತ್ತರ ಕೊಡಿ!

ಕನ್ನಡದ ಯುವಕರೇ, ಯುವತಿಯರೇ,

ಗುರುತು ಪರಿಚಯವಿಲ್ಲದ ಒಂದು ಬರಹವನ್ನು ನಿಮ್ಮ ಮುಂದಿಟ್ಟರೆ, ಅದು ಯಾವ ಭಾಷೆ ಎಂದು ಹೇಗೆ ಹೇಳುತ್ತೀರಿ? ಅಕ್ಷರ ನೋಡಿ ಹೇಳುತ್ತೇವೆ ಎನ್ನುತ್ತೀರಿ. ತಪ್ಪು! ಕನ್ನಡ ಅಕ್ಷರದಲ್ಲಿ ತುಳು ಬರೆಯುತ್ತಾರೆ, ಕೊಡವ ಬರೆಯುತ್ತಾರೆ, ಕೊಂಕಣಿ ಬರೆಯುತ್ತಾರೆ, ಸಂಸ್ಕೃತದ ಮಂತ್ರವನ್ನೂ ಬರೆಯುತ್ತಾರೆ. ಅವೆಲ್ಲ ಕನ್ನಡವಾದವೇ? ಅಕ್ಷರ ಅಂಗಿ, ಭಾಷೆ ಮೈ.

ಹಾಗಿದ್ದರೆ ಅಂಗಿ ಯಾವುದಾದರೇನು, ಎಂದು ಕೇಳಬೇಡಿ. ಅಳತೆ ತಪ್ಪಿದ ಅಂಗಿ ತೊಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇವೆ, ಕೇಳಿ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳನ್ನು ಅಗೆದು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ರಾಶಿ ರಾಶಿ ಪಪೈರಸ್ ಹಾಳೆ ತೆಗೆದರು. ಅವುಗಳಲ್ಲಿ 413ನೆಯದು, 1903ರಲ್ಲಿ ಅಚ್ಚಾದ ಒಂದು ಗ್ರೀಕ್ ಪ್ರಹಸನ. ಭಾರತದ ಕಡಲ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳನ್ನು ಅವಳ ಅಣ್ಣ, ಅಲ್ಲಿನ ರಾಜನಿಗೆ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಆ ರಾಜ ಮತ್ತು ಅವನ ಕಡೆಯವರ ಮಾತು ಇರುವುದು ಗ್ರೀಕ್ ಅಕ್ಷರದಲ್ಲಿ. ಆದರೆ ಅದು ಗ್ರೀಕ್ ಅಲ್ಲ!

1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಸ್ ಇದು ಕನ್ನಡ ಎಂದರು. ನಮ್ಮ ಆರ್. ಶಾಮಶಾಸ್ತ್ರಿಗಳು ಹೌದೆಂದರು. ಮುಂದೆ ಬೇರೆ ವಿದ್ವಾಂಸರು ತುಳು ಎಂದರು. ಮತ್ತೆ ಕೆಲವರು, ಯಾವ ಭಾಷೆಯೂ ಅಲ್ಲ, ನೋಡುವವರನ್ನು ನಗಿಸಲು ಕಟ್ಟಿದ ಬಡಬಡಿಕೆ ಎಂದರು. ನೂರು ವರ್ಷ ದಾಟಿದರೂ ವಾದ ಮುಗಿದಿಲ್ಲ. ಯಾಕೆ? ಗ್ರೀಕರ ಅಕ್ಷರಮಾಲೆಯಲ್ಲಿ ನಮ್ಮ 'ಣ' ಇಲ್ಲ, 'ಳ' ಇಲ್ಲ, 'ಚ' ಇಲ್ಲ. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಆಗ ಇರಲಿಲ್ಲ. ಅದು ಕನ್ನಡವೇ ಆಗಿದ್ದರೂ ಆ ಅಂಗಿಯೊಳಗೆ ಉಸಿರುಗಟ್ಟಿ ಹೋಗಿದೆ.

ಈಗ ಬೇಲೂರು ತಾಲೂಕಿನ ಹಲ್ಮಿಡಿಗೆ ಬನ್ನಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಅಕ್ಷರವನ್ನು ಇಂದು ನೀವೂ ಓದಲಾರಿರಿ, ನಾವೂ ಓದಲಾರೆವು. ಅದರ ಕಾಲದ ಬಗ್ಗೆ ಚರ್ಚೆ ಇದೆ, ಸಂಸ್ಕೃತ ಪದಗಳೂ ತುಂಬಿವೆ. ಆದರೆ ಭಾಷೆ ಕನ್ನಡ ಎಂಬುದರಲ್ಲಿ ತಕರಾರಿಲ್ಲ. ಕನ್ನಡದ ದನಿಗೆ ಹೊಂದುವ ಅಕ್ಷರದಲ್ಲಿ, ಕನ್ನಡದ ವಿಭಕ್ತಿ, ಕನ್ನಡದ ಕ್ರಿಯಾಪದ ಕಣ್ಣಿಗೆ ಹೊಡೆಯುವಂತೆ ನಿಂತಿವೆ.

ಇನ್ನು ನಿಮ್ಮ ಜೇಬಿನಲ್ಲಿರುವ ಮೊಬೈಲು ತೆಗೆಯಿರಿ! ಗೆಳೆಯನಿಗೆ ಕಳಿಸಿದ ಸಂದೇಶ ಯಾವ ಅಕ್ಷರದಲ್ಲಿದೆ? ಎಚ್, ಎ, ಎಲ್, ಎಲ್, ಐ. ಇದು ನಿಮ್ಮ ಹಳ್ಳಿಯೋ, ಗೋಡೆಯ ಮೇಲಿನ ಹಲ್ಲಿಯೋ? ಗ್ರೀಕನಿಗೆ ಇಲ್ಲದ 'ಳ' ನಿಮಗೆ ಇತ್ತಲ್ಲ, ಎಲ್ಲಿ ಎಸೆದಿರಿ?

ಇಂದು ಭಾಷೆ ಗುರುತಿಸುವ ಕೆಲಸವನ್ನು ಯಂತ್ರಗಳೂ ಮಾಡುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಇದೆ. ಪಕ್ಕದ ಮನೆ ತೆಲುಗಿನದು. ಎರಡೂ ಲಿಪಿ ನೋಡಿ ನಮ್ಮ ಕಣ್ಣು ಮೋಸ ಹೋದೀತು, ಯಂತ್ರ ಹೋಗುವುದಿಲ್ಲ. ಅಕ್ಷರ ಹಿಡಿದ ಮೇಲೆ '-ಅಲ್ಲಿ', '-ಇಂದ', '-ಉತ್ತದೆ' ಎಂಬ ಬಾಲಗಳನ್ನು ನೋಡಿ, ಇದು ತುಳುವಲ್ಲ, ಕೊಂಕಣಿಯಲ್ಲ, ಕನ್ನಡ ಎಂದು ತಿಳಿಯುತ್ತದೆ. ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ? ಒಬ್ಬನ ಕಾಗುಣಿತ ಇನ್ನೊಬ್ಬನದಲ್ಲ. ಯಂತ್ರ ಎಡವುತ್ತದೆ. ನೀವು ದಿನವಿಡೀ ಬರೆದ ಕನ್ನಡ ಕನ್ನಡದ ಲೆಕ್ಕಕ್ಕೆ ಬರದೆ ಹೋಗುತ್ತದೆ. ಆಮೇಲೆ ಯಾರೋ ಹೇಳುತ್ತಾರೆ: ಕನ್ನಡದಲ್ಲಿ ಬರೆಯುವವರೇ ಇಲ್ಲ! ಆಗ ಯಾರ ಮೇಲೆ ಸಿಟ್ಟಾಗುತ್ತೀರಿ?

ಮೊದಲ ಮೊಬೈಲುಗಳಲ್ಲಿ ಕನ್ನಡ ಇರಲಿಲ್ಲ, ನಿಜ. ಆ ನೆಪದ ಕಾಲ ಮುಗಿಯಿತು. ಇಂದಿನ ಸ್ಮಾರ್ಟ್‌ಫೋನಿನಲ್ಲಿ ಕನ್ನಡದ ಕೀಲಿಮಣೆ ಸಿಗುತ್ತದೆ. ಕಾಸು ಕೊಡಬೇಕಿಲ್ಲ, ಮನಸ್ಸು ಕೊಡಬೇಕು.

ಈಜಿಪ್ಟಿನಲ್ಲೂ ಕನ್ನಡವಿತ್ತು ಎಂದು ವೇದಿಕೆಯಲ್ಲಿ ಎದೆ ತಟ್ಟುವ ಗೆಳೆಯರೇ, ಸಾಬೀತಾಗದ ಹಾಳೆಯ ಹೆಮ್ಮೆ ಸಾಕು. ನಿಮ್ಮ ಬರಹ ಇನ್ನೊಂದು 413ನೆಯ ಹಾಳೆಯಾಗದಂತೆ ನೋಡಿಕೊಳ್ಳಿ. 2024ರ ತಿದ್ದುಪಡಿ ಕಾಯ್ದೆ ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಕೇಳುತ್ತದೆ. ಅಂಗಡಿಯವನನ್ನು ಕೇಳುವ ಮೊದಲು ಹೇಳಿ, ನಿಮ್ಮ ಮೊಬೈಲಿನಲ್ಲಿ ಶೇಕಡಾ ಎಷ್ಟು?

ಇವತ್ತು ರಾತ್ರಿ ಅಮ್ಮನಿಗೆ 'ಊಟ ಆಯ್ತಾ' ಎಂದು ಕನ್ನಡ ಅಕ್ಷರದಲ್ಲೇ ಕೇಳಿ. ಘೋಷಣೆ ನಾಳೆ ಕೂಗೋಣ!