ಆಜ್ಞೆಗಿಂತ ಮೊದಲು ಅಲ್ಲಾಹನ ಪರಿಚಯವಾಗಲಿ

‘ನಮಾಝ್ ಆಯಿತೇ?’ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಬಾರಿ ಕೇಳಲಾಗುವ ಪ್ರಶ್ನೆ ಬಹುಶಃ ಇದೇ ಇರಬೇಕು. ಊಟವಾಯಿತೇ ಎಂಬುದಕ್ಕಿಂತಲೂ ಇದನ್ನೇ ಹೆಚ್ಚು ಕೇಳುವ ತಾಯಂದಿರಿದ್ದಾರೆ, ನಾನೂ ಅವರಲ್ಲೊಬ್ಬಳು. ಕೇಳುವುದರಲ್ಲಿ ತಪ್ಪೇನಿಲ್ಲ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು, ಅವರ ಬಗ್ಗೆ ನಾಳೆ ಉತ್ತರಿಸಬೇಕಾದವರು ಹೆತ್ತವರೇ. ಆದರೆ ಕಳೆದ ಮಳೆಗಾಲದ ಒಂದು ಸಂಜೆ, ಅಸರ್‌ನ ಹೊತ್ತಿನಲ್ಲಿ, ಒಂಬತ್ತು ವರ್ಷದ ಮಗ ಈ ಪ್ರಶ್ನೆಗೆ ಕೊಟ್ಟ ಉತ್ತರ ನನ್ನ ನಿದ್ದೆ ಕೆಡಿಸಿತು.

‘ಆಯಿತು ಉಮ್ಮಾ’ ಎಂದು ಅವನು ಆಡಲು ಹೊರಟಿದ್ದ. ಮುಂಗುರುಳು ಒದ್ದೆಯಾಗಿತ್ತು. ಏಕೋ ಸಂಶಯ ಬಂದು ಅವನ ಮೊಣಕೈ ಮುಟ್ಟಿ ನೋಡಿದೆ. ಒಣಗಿತ್ತು. ವುಝೂ ಮಾಡಿರಲಿಲ್ಲ, ನಮಾಝೂ ಮಾಡಿರಲಿಲ್ಲ. ನನ್ನನ್ನು ನಂಬಿಸುವುದಕ್ಕಾಗಿ ನಲ್ಲಿಯಡಿಯಲ್ಲಿ ಕೂದಲನ್ನಷ್ಟೇ ನೆನೆಸಿಕೊಂಡು ಬಂದಿದ್ದ. ‘ಸುಳ್ಳು ಹೇಳಿದೆಯಲ್ಲ, ಅಲ್ಲಾಹನ ಭಯವಿಲ್ಲವೇ ನಿನಗೆ?’ ಎಂದು ಗದರಿಸಿದೆ. ಅವನು ಬಿಕ್ಕುತ್ತಲೇ ಹೇಳಿದ: ‘ಇಲ್ಲ ಎಂದಿದ್ದರೆ ಈಗಲೇ ಬೈಗುಳ ಸಿಗುತ್ತಿತ್ತು. ಅಲ್ಲಾಹನ ಶಿಕ್ಷೆ ಸತ್ತ ಮೇಲಲ್ಲವೇ, ಉಮ್ಮಾ?’

ಇದು ಉದ್ಧಟತನದ ಮಾತಾಗಿರಲಿಲ್ಲ. ಅದು ನಾನೇ ಕಲಿಸಿದ ಲೆಕ್ಕ. ಎರಡು ಶಿಕ್ಷೆಗಳಲ್ಲಿ ಯಾವುದು ಹತ್ತಿರವೋ ಅದರಿಂದ ಅವನು ತಪ್ಪಿಸಿಕೊಂಡಿದ್ದ. ಅಂದು ರಾತ್ರಿ ಕುಳಿತು, ಅವನು ಮಾತು ಕಲಿತಂದಿನಿಂದ ನಾನು ಅಲ್ಲಾಹನ ಹೆಸರನ್ನು ಯಾವ ಯಾವ ಸಂದರ್ಭಗಳಲ್ಲಿ ಎತ್ತಿದ್ದೇನೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಅನ್ನ ಚೆಲ್ಲಿದಾಗ, ತಂಗಿಯನ್ನು ಹೊಡೆದಾಗ, ಸುಳ್ಳಾಡಿದಾಗ. ಓಡುತ್ತಾ ಎಡವಿ ಬಿದ್ದು ಮಂಡಿ ತರಚಿಕೊಂಡಾಗ ‘ನೋಡಿದೆಯಾ, ಹೇಳಿದ ಮಾತು ಕೇಳದ್ದಕ್ಕೆ ಅಲ್ಲಾಹನು ಕೊಟ್ಟ’ ಎಂದದ್ದೂ ಉಂಟು. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಯಾರಿಗೂ ತಪ್ಪೆಂದೇ ಅನಿಸುವುದಿಲ್ಲ. ವಾಸ್ತವದಲ್ಲಿ ಆ ಮಗು ಬಿದ್ದದ್ದು ಶಿಕ್ಷೆಯೆಂದು ನಮಗೆ ತಿಳಿಸಿದವರಾರು? ಅರಿವಿಲ್ಲದೆ ಅಲ್ಲಾಹನ ಬಗ್ಗೆ ಮಾತನಾಡುವುದನ್ನು ಕುರ್‌ಆನ್ ಘೋರ ಪಾಪಗಳ ಸಾಲಿನಲ್ಲಿ ಸೇರಿಸಿದೆ. ನಾವೋ ಮಗುವಿನ ತರಚು ಗಾಯವನ್ನು ತೋರಿಸಿ ಅದನ್ನೇ ಮಾಡುತ್ತೇವೆ. ಮಾವಿನ ಹಣ್ಣು ತಿನ್ನುವಾಗ, ಮೊದಲ ಮಳೆ ಬಿದ್ದಾಗ, ಜ್ವರ ಇಳಿದ ಬೆಳಿಗ್ಗೆ ಅಲ್ಲಾಹನ ಹೆಸರು ನನ್ನ ನಾಲಿಗೆಯ ಮೇಲೆ ಎಷ್ಟು ಸಲ ಬಂದಿತ್ತು? ಬಂದಿದ್ದರೂ ಮಗನಿಗೆ ಕೇಳಿಸುವಂತೆ ಬಂದಿರಲಿಲ್ಲ.

ಪ್ರತಿದಿನ ಹದಿನೇಳು ಫರ್ಝ್ ರಕಅತ್‌ಗಳಲ್ಲಿ ನಾವು ಪಠಿಸುವ ಅಲ್ ಫಾತಿಹಾದ ಕ್ರಮವನ್ನು ಸ್ವಲ್ಪ ಗಮನಿಸೋಣ. ಮೊದಲು ಸ್ತುತಿ, ಲೋಕಗಳ ಪಾಲಕನೆಂಬ ಪರಿಚಯ. ಬಳಿಕ ಕರುಣೆಯ ಎರಡು ನಾಮಗಳು. ತೀರ್ಪಿನ ದಿನದ ಒಡೆಯನೆಂಬ ಮಾತು ಬರುವುದು ಅದಾದ ನಂತರ. ನಾವು ಮಕ್ಕಳಿಗೆ ಕಲಿಸುವಾಗ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿ, ನ್ಯಾಯಾಧೀಶನನ್ನು ಮೊದಲು ಪರಿಚಯಿಸುತ್ತೇವೆ. ಪಾಲಕನ ಪರಿಚಯವಿಲ್ಲದ ಮಗುವಿಗೆ ಆ ನ್ಯಾಯಾಧೀಶನು ಕೇವಲ ದೂರದ ಒಂದು ಬೆತ್ತವಾಗಿ ಕಾಣುತ್ತಾನೆ, ಅಷ್ಟೇ.

ತಂದೆಯೊಬ್ಬ ಮಗನಿಗೆ ಧರ್ಮವನ್ನು ಹೇಗೆ ಕಲಿಸಬೇಕೆಂಬುದಕ್ಕೆ ಕುರ್‌ಆನಿನಲ್ಲಿ ಒಂದಿಡೀ ಮಾದರಿಯೇ ಇದೆ. 31ನೇ ಅಧ್ಯಾಯಕ್ಕೆ ಲುಕ್ಮಾನರ ಹೆಸರೇ ಇದೆ. ಅಲ್ಲಿ ಅವರು ಮಗನನ್ನು ಮೂರು ಬಾರಿ ಕರೆಯುತ್ತಾರೆ. ಮೂರು ಬಾರಿಯೂ ‘ಯಾ ಬುನಯ್ಯ’ ಎಂಬ ಸಂಬೋಧನೆ. ಬರೇ ಮಗನೇ ಎಂದಲ್ಲ, ಪುಟ್ಟ ಮಗನೇ, ಮುದ್ದು ಕಂದಾ ಎಂಬ ಅಕ್ಕರೆ ಆ ಪದರೂಪದಲ್ಲಿದೆ. ಮೊದಲ ಬಾರಿ ಅಲ್ಲಾಹನಿಗೆ ಸಹಭಾಗಿಗಳನ್ನು ಮಾಡಬೇಡವೆಂಬ ಬುದ್ಧಿಮಾತು. ಎರಡನೇ ಬಾರಿ ಯಾವ ಆಜ್ಞೆಯೂ ಇಲ್ಲ! ಸಾಸಿವೆ ಕಾಳಿನಷ್ಟು ಚಿಕ್ಕದೊಂದು ವಸ್ತು ಬಂಡೆಯೊಳಗಿದ್ದರೂ, ಆಕಾಶಗಳಲ್ಲಿದ್ದರೂ, ಭೂಮಿಯಲ್ಲಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂಬ ಒಂದು ಚಿತ್ರವಿದೆ. ಆ ಚಿತ್ರ ಕೊನೆಗೊಳ್ಳುವುದು ಅಲ್ಲಾಹನ ‘ಲತೀಫ್’ ಎಂಬ ನಾಮದೊಂದಿಗೆ. ಸೂಕ್ಷ್ಮವನ್ನು ಅರಿಯುವವನು ಎಂಬರ್ಥದ ಆ ನಾಮದಲ್ಲಿ ಮೃದುತ್ವವೂ ಅಡಗಿದೆ. ‘ನಮಾಝ್ ಸಂಸ್ಥಾಪಿಸು’ ಎಂಬ ಆಜ್ಞೆ ಬರುವುದು ಮೂರನೇ ಬಾರಿ ಕರೆದಾಗ.

ಸಾಸಿವೆಯ ಈ ಚಿತ್ರವನ್ನು ನಾವು ಸಾಮಾನ್ಯವಾಗಿ ಎಚ್ಚರಿಕೆಯಾಗಿ ಬಳಸುತ್ತೇವೆ: ‘ಕದ್ದು ಮಾಡಿದರೂ ಅಲ್ಲಾಹನು ನೋಡುತ್ತಾನೆ.’ ಅದೂ ನಿಜವೇ. ಆದರೆ ಅದೇ ಮಾತು ಮಗುವಿನ ಕಿವಿಗೆ ಸಾಂತ್ವನವಾಗಿಯೂ ಬೀಳಬಲ್ಲದು. ಶಾಲೆಯಲ್ಲಿ ಯಾರಿಗೂ ಕಾಣದಂತೆ ಗೆಳೆಯನಿಗೆ ಪೆನ್ಸಿಲು ಕೊಟ್ಟದ್ದನ್ನು, ರಾತ್ರಿ ದಿಂಬಿನಡಿ ಮುಖವಿಟ್ಟು ಅತ್ತದ್ದನ್ನು, ಉಮ್ಮನಿಗೂ ಹೇಳಲಾಗದ ಅಂಜಿಕೆಯನ್ನು ಅವನು ನೋಡಿದ್ದಾನೆ. ಇದನ್ನು ಒಮ್ಮೆ ಕೇಳಿಸಿಕೊಂಡ ಮಗುವಿಗೆ ‘ಅಲ್ಲಾಹನು ನೋಡುತ್ತಿದ್ದಾನೆ’ ಎಂಬ ವಾಕ್ಯದ ಅರ್ಥವೇ ಬದಲಾಗುತ್ತದೆ.

ಇಡೀ ಸಮುದಾಯವನ್ನೇ ಅಲ್ಲಾಹನು ಈ ಕ್ರಮದಲ್ಲಿ ಬೆಳೆಸಿದನು. ಇರಾಕಿನಿಂದ ಬಂದ ಒಬ್ಬರೊಂದಿಗೆ ಮಾತನಾಡುತ್ತಾ ಹ. ಆಯಿಶಾ(ರ)ರು ಹೇಳಿದ ವಿಷಯವೊಂದು ಬುಖಾರಿಯಲ್ಲಿ ದಾಖಲಾಗಿದೆ. ಮೊದಲು ಅವತೀರ್ಣವಾದದ್ದು ಸ್ವರ್ಗ ನರಕಗಳ ಪ್ರಸ್ತಾಪವಿರುವ ಅಧ್ಯಾಯಗಳು. ಜನರು ಇಸ್ಲಾಮಿನಲ್ಲಿ ನೆಲೆಗೊಂಡ ಬಳಿಕವೇ ಹಲಾಲ್ ಹರಾಮ್‌ಗಳ ವಿಧಿಗಳು ಬಂದವು. ಆರಂಭದಲ್ಲೇ ಮದ್ಯ ಬಿಡಿ ಎಂದಿದ್ದರೆ ಜನರು ಎಂದಿಗೂ ಬಿಡೆವು ಎನ್ನುತ್ತಿದ್ದರು. ಇದು ಅವರ ಮಾತಿನ ಸಾರ. ಇಲ್ಲಿ ನರಕದ ಪ್ರಸ್ತಾಪವೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಖಂಡಿತ ಇದೆ. ಆದರೆ ಅದರೊಂದಿಗೆ ಸ್ವರ್ಗವೂ ಇದೆ, ಮತ್ತು ಅದನ್ನು ಕೇಳಿದವರು ವಯಸ್ಕರು. ಮುಂದೆ ಮದೀನಾದಲ್ಲಿ ಮದ್ಯ ನಿಷೇಧದ ಘೋಷಣೆಯಾದಾಗ ಹ. ಅನಸ್(ರ) ಎಂಬ ತರುಣ ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಅದನ್ನೇ ಬಡಿಸುತ್ತಿದ್ದರು. ಘೋಷಣೆ ಕೇಳಿದ್ದೇ ತಡ, ಚೆಲ್ಲಿಬಿಡಲು ಮನೆಯ ಯಜಮಾನರೇ ಹೇಳಿದರು. ಬೀದಿಗಳಲ್ಲಿ ಅದು ಹರಿಯಿತು. ಬಾಗಿಲಲ್ಲಿ ಯಾವ ಕಾವಲುಗಾರನೂ ನಿಂತಿರಲಿಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಹದೀಸ್ ಬೇರೆಯೇ ಇದೆ. ರುಬಯ್ಯಿಅ ಬಿಂತ್ ಮುಅವ್ವಿದ್(ರ) ಎಂಬ ಅನ್ಸಾರಿ ಮಹಿಳೆ ಆಶೂರಾದ ಉಪವಾಸದ ಬಗ್ಗೆ ತಿಳಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಕಾಣಬಹುದು. ಅವರು ತಾವೂ ಉಪವಾಸ ಇರುತ್ತಿದ್ದರು, ತಮ್ಮ ಮಕ್ಕಳಿಂದಲೂ ಉಪವಾಸ ಆಚರಿಸುತ್ತಿದ್ದರು. ಅದಕ್ಕಾಗಿ ಉಣ್ಣೆಯಿಂದ ಆಟಿಕೆ ಮಾಡಿಡುತ್ತಿದ್ದರು. ಮಗು ಅನ್ನಕ್ಕಾಗಿ ಅತ್ತಾಗ ಆ ಆಟಿಕೆಯನ್ನು ಅದರ ಕೈಗಿಡುತ್ತಿದ್ದರು, ಇಫ್ತಾರ್‌ನ ಹೊತ್ತಿನವರೆಗೆ.

ಈ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ತಾಯಿ ಉಪವಾಸ ಬೇಡ ಎಂದು ಮಗುವನ್ನು ಬಿಟ್ಟುಬಿಡಲಿಲ್ಲ. ಅಳುವ ಮಗುವಿಗೆ ನರಕದ ಕಥೆಯನ್ನೂ ಹೇಳಲಿಲ್ಲ. ತಾನೇ ಹಸಿದಿದ್ದೂ ಕುಳಿತು ಉಣ್ಣೆಯನ್ನು ಸುತ್ತಿ, ಗಂಟು ಹಾಕಿ ಆಟಿಕೆ ಮಾಡಿದಳು. ಮಗು ಅಂದು ಕಲಿತದ್ದು ಹಸಿವನ್ನಷ್ಟೇ ಅಲ್ಲ. ಈ ಹಸಿವಿನಲ್ಲಿ ಉಮ್ಮ ನನ್ನ ಜೊತೆಗಿದ್ದಾಳೆ ಎಂಬುದನ್ನೂ ಕಲಿಯಿತು. ಇನ್ನೊಂದು ಅಂಶವೂ ಇದೆ. ಆ ಆಟಿಕೆ ಬಹುಮಾನವಾಗಿರಲಿಲ್ಲ. ಉಪವಾಸ ಪೂರ್ತಿ ಮಾಡಿದರೆ ಕೊಡುತ್ತೇನೆ ಎಂಬ ಷರತ್ತು ಅದಕ್ಕಿರಲಿಲ್ಲ. ಕಷ್ಟದ ಗಳಿಗೆಯಲ್ಲಿ ಕೊಟ್ಟ ಆಸರೆ ಅದು. ಇಂದು ನಾವು ಮೂವತ್ತು ಉಪವಾಸಕ್ಕೆ ಸೈಕಲ್, ಒಂದು ಜುಝ್ ಕಂಠಪಾಠಕ್ಕೆ ವಾಚು ಎಂದು ಒಪ್ಪಂದ ಮಾಡಿಕೊಳ್ಳುತ್ತೇವೆ. ಪ್ರೋತ್ಸಾಹಕ್ಕಾಗಿ ಉಡುಗೊರೆ ಕೊಡುವುದನ್ನು ನಾನು ವಿರೋಧಿಸುವುದಿಲ್ಲ, ಈದ್‌ಗೆ ನಾನೂ ಕೊಟ್ಟಿದ್ದೇನೆ. ಆದರೆ ಬೆಲೆ ನಿಗದಿಪಡಿಸಿದ ಇಬಾದತ್ತು ಬೆತ್ತದಡಿಯ ಇಬಾದತ್ತಿನ ತಮ್ಮನೇ ಸರಿ. ಎರಡರಲ್ಲೂ ಮಗುವಿನ ಕಣ್ಣು ಇರುವುದು ನಮ್ಮ ಕೈಯ ಮೇಲೆ, ಅಲ್ಲಾಹನ ಮೇಲಲ್ಲ.

ಮಸೀದಿಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಹಿಂದಿನ ಸಾಲಿನಲ್ಲಿ ನಗುವ ಹುಡುಗರ ಕಿವಿ ಹಿಂಡುವ ಹಿರಿಯರು ಅನೇಕ ಮೊಹಲ್ಲಾಗಳಲ್ಲಿದ್ದಾರೆ. ಪ್ರವಾದಿ(ಸ)ರು ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲೆ ಹೊತ್ತೇ ನಮಾಝ್ ನಿರ್ವಹಿಸಿದ್ದುಂಟು. ಸುಜೂದ್‌ಗೆ ಹೋಗುವಾಗ ಇಳಿಸಿ, ಎದ್ದಾಗ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಅವರ ಸುಜೂದ್ ಬಹಳ ದೀರ್ಘವಾಯಿತು. ಏನೋ ಸಂಭವಿಸಿರಬೇಕು ಅಥವಾ ದಿವ್ಯವಾಣಿ ಬರುತ್ತಿರಬೇಕೆಂದು ಅನುಚರರು ಭಾವಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ರು ಕಾರಣ ತಿಳಿಸಿದರು: ಮೊಮ್ಮಗ ಬೆನ್ನೇರಿದ್ದ, ಅವನ ಮನ ತಣಿಯುವ ಮೊದಲು ಅವಸರಪಡಿಸಲು ಇಷ್ಟವಾಗಲಿಲ್ಲ. ಆ ಮಗು ಮುಂದೆ ಸುಜೂದ್ ಎಂಬ ಪದವನ್ನು ಕೇಳಿದಾಗಲೆಲ್ಲ ಯಾವುದನ್ನು ನೆನಪಿಸಿಕೊಂಡಿರಬಹುದು? ನಮ್ಮ ಮಕ್ಕಳು ಯಾವುದನ್ನು ನೆನಪಿಸಿಕೊಳ್ಳುತ್ತಾರೆ?

ಈಗ ಬಹುತೇಕ ಓದುಗರ ಮನಸ್ಸಿನಲ್ಲಿರುವ ಆಕ್ಷೇಪಕ್ಕೆ ಬರುತ್ತೇನೆ. ಏಳನೇ ವಯಸ್ಸಿನಲ್ಲಿ ನಮಾಝಿಗೆ ಆದೇಶಿಸಬೇಕು, ಹತ್ತರಲ್ಲಿ ಅದಕ್ಕಾಗಿ ದಂಡಿಸಬೇಕು ಎಂಬ ಅಬೂ ದಾವೂದ್‌ನ ಹದೀಸ್ ಇದೆಯಲ್ಲ? ಇದೆ. ಅದನ್ನು ಮರೆಮಾಚಿ ಪ್ರೀತಿಯ ಬಗ್ಗೆ ಬರೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಅದನ್ನು ಉಲ್ಲೇಖಿಸುವ ನಮ್ಮಲ್ಲಿ ಹೆಚ್ಚಿನವರು ಅದರ ಉತ್ತರಾರ್ಧವನ್ನು ಮಾತ್ರ ಬಾಯಿಪಾಠ ಮಾಡಿದ್ದೇವೆ. ಏಳರಿಂದ ಹತ್ತರವರೆಗೆ ಮೂರು ವರ್ಷಗಳಿವೆ. ದಿನಕ್ಕೆ ಐದರಂತೆ ಐದು ಸಾವಿರಕ್ಕೂ ಹೆಚ್ಚು ನಮಾಝ್‌ಗಳ ಅವಧಿ ಅದು. ಅಷ್ಟು ಸಲ ಕರೆದು, ಜೊತೆಗೆ ನಿಲ್ಲಿಸಿ, ತಿದ್ದಿ, ತಾಳ್ಮೆಯಿಂದ ಮತ್ತೆ ಕರೆದ ಹೆತ್ತವರಿಗೆ ಆ ಹದೀಸ್ ಮುಂದಿನ ಮಾತನ್ನು ಹೇಳುತ್ತದೆ. ಮೂರು ವರ್ಷ ಮೊಬೈಲಿನಲ್ಲಿ ಮುಳುಗಿದ್ದು, ಹತ್ತನೇ ಹುಟ್ಟುಹಬ್ಬದ ಮರುದಿನ ಕೈಯೆತ್ತುವವರಿಗಲ್ಲ. ಆ ದಂಡನೆಗೂ ವಿದ್ವಾಂಸರು ಕಟ್ಟುನಿಟ್ಟಿನ ಮಿತಿಗಳನ್ನು ವಿಧಿಸಿದ್ದಾರೆ. ನೋವಾಗುವಂತೆ, ಗುರುತು ಬೀಳುವಂತೆ ಹೊಡೆಯುವುದು ಅದರಲ್ಲಿ ಬರುವುದಿಲ್ಲ. ಇದನ್ನು ಹೇಳಿದ ಪ್ರವಾದಿ(ಸ)ರು ಸ್ವತಃ ಹೇಗಿದ್ದರು? ಹತ್ತು ವರ್ಷ ಸೇವೆಗಿದ್ದ ಅನಸ್(ರ)ರಿಗೆ ಅವರು ಒಮ್ಮೆಯೂ ‘ಛೆ’ ಎಂದಿರಲಿಲ್ಲ. ಸೇವಕರ ಮೇಲಾಗಲಿ, ಮಹಿಳೆಯರ ಮೇಲಾಗಲಿ ಅವರು ಎಂದೂ ಕೈಮಾಡಲಿಲ್ಲವೆಂದು ಹ. ಆಯಿಶಾ(ರ)ರು ಸಾಕ್ಷ್ಯ ನುಡಿದಿದ್ದಾರೆ.

ಇದರ ಇನ್ನೊಂದು ತುದಿಯೂ ಇದೆ. ‘ಪ್ರೀತಿಯಿಂದ ಬರಲಿ, ದೊಡ್ಡವನಾದ ಮೇಲೆ ತಾನೇ ಮಾಡುತ್ತಾನೆ’ ಎಂದು ಸುಬಹ್‌ಗೆ ಎಬ್ಬಿಸದೆ, ಶಾಲಾ ಬಸ್ಸಿಗೆ ಮಾತ್ರ ಕರಾರುವಾಕ್ಕಾಗಿ ಎಬ್ಬಿಸುವ ತಂದೆ ತಾಯಿ. ಇದು ಪ್ರೀತಿಯೇ ಅಲ್ಲ. ಅಲ್ಲಾಹನನ್ನು ಪ್ರೀತಿಸುವವರು ಪ್ರವಾದಿಯನ್ನು ಅನುಸರಿಸಲಿ ಎಂಬುದು ಆಲಿ ಇಮ್ರಾನ್ ಅಧ್ಯಾಯದ ತಾಕೀತು. ಪ್ರೀತಿಗೆ ಅಲ್ಲಿ ಅನುಸರಣೆಯೇ ಪುರಾವೆ. ಹ. ಇಬ್ರಾಹೀಮ್(ಅ)ರಿಗೆ ಬಂದ ಆಜ್ಞೆಯಲ್ಲಿ ಆಯ್ಕೆಯೇ ಇರಲಿಲ್ಲ. ಆದರೂ ಅವರು ಮಗನನ್ನು ಎಳೆದೊಯ್ಯಲಿಲ್ಲ. ಲುಕ್ಮಾನರು ಬಳಸಿದ ಅದೇ ಮುದ್ದಿನ ಪದದಿಂದ ಕರೆದು, ಕನಸನ್ನು ತಿಳಿಸಿ, ನಿನ್ನ ಅಭಿಪ್ರಾಯವೇನೆಂದು ಕೇಳಿದರು. ಆಜ್ಞೆ ಸಡಿಲವಾಗಲಿಲ್ಲ, ಮಗನ ಮನಸ್ಸೂ ತುಳಿತಕ್ಕೊಳಗಾಗಲಿಲ್ಲ.

ತಕ್ವಾ ಎಂಬ ಪದವನ್ನು ನಾವು ಕನ್ನಡದಲ್ಲಿ ಸಾಮಾನ್ಯವಾಗಿ ದೇವಭಯ ಎಂದು ಬರೆಯುತ್ತೇವೆ. ಬರೆಯುವಾಗ ಅದು ಸರಿಯೇ. ಆದರೆ ಅದರ ಮೂಲಧಾತುವಿನಲ್ಲಿರುವುದು ಕಾಪಾಡಿಕೊಳ್ಳುವ ಅರ್ಥ. ಕೈಯಲ್ಲಿ ಬೆಲೆಬಾಳುವುದೇನೋ ಇದ್ದವನಷ್ಟೇ ಕಾಪಾಡಿಕೊಳ್ಳುತ್ತಾನೆ. ಅಲ್ಲಾಹನೊಂದಿಗೆ ಒಂದು ನಂಟು ಬೆಳೆದ ಮಗುವಿಗೆ ಅದು ಮುರಿದೀತೆಂಬ ಅಂಜಿಕೆ ತಾನಾಗಿ ಬರುತ್ತದೆ. ನಂಟೇ ಇಲ್ಲದಿದ್ದರೆ ಉಳಿಯುವುದು ಸಿಕ್ಕಿಬೀಳುವ ಭಯವೊಂದೇ, ಮತ್ತು ಆ ಭಯಕ್ಕೆ ಮುಂಗುರುಳು ನೆನೆಸಿಕೊಳ್ಳುವ ಉಪಾಯ ಯಾವತ್ತೂ ಗೊತ್ತಿರುತ್ತದೆ. ಇನ್ನೂ ಕೆಲವು ವರ್ಷಗಳಲ್ಲಿ ಈ ಮಕ್ಕಳು ಕಾಲೇಜಿಗೆಂದು ಬೆಂಗಳೂರಿಗೋ, ದುಡಿಮೆಗೆಂದು ಗಲ್ಫಿಗೋ ಹೋಗುತ್ತಾರೆ. ಅಲ್ಲಿನ ಕೋಣೆಯಲ್ಲಿ ಅವರ ಮೊಣಕೈ ಮುಟ್ಟಿ ನೋಡಲು ನಾವಿರುವುದಿಲ್ಲ.

ಆ ಸಂಜೆಯ ಬಳಿಕ ನಾನು ‘ನಮಾಝ್ ಆಯಿತೇ?’ ಎಂದು ಕೇಳುವುದನ್ನು ಬಿಟ್ಟೆ. ಬದಲಿಗೆ ‘ನಾನು ನಮಾಝಿಗೆ ನಿಲ್ಲುತ್ತಿದ್ದೇನೆ, ಬರುತ್ತೀಯಾ?’ ಎನ್ನುತ್ತೇನೆ. ಮೊದಲ ವಾರ ನಾಚಿಕೆಯಾಗುವಷ್ಟು ಬಾರಿ, ಕೇಳುವ ಮೊದಲು ನನ್ನದೇ ನಮಾಝ್ ತಡವಾಗಿತ್ತೆಂಬುದು ಅರಿವಾಯಿತು. ‘ಅಲ್ಲಾಹನಿಗೆ ನಮ್ಮ ನಮಾಝ್ ಏಕೆ ಬೇಕು?’ ಎಂದು ಒಮ್ಮೆ ಮಗ ಕೇಳಿದ. ಮುಂಚಿನಂತೆ ಬಾಯಿ ಮುಚ್ಚಿಸದೆ, ಅವನಿಗೆ ಬೇಡ ಮಗನೇ, ಅವನು ಯಾವ ಅಗತ್ಯವೂ ಇಲ್ಲದ ಸಮದ್, ಬೇಕಾಗಿರುವುದು ನಮಗೆ ಎಂದೆ. ಅವನು ಕುಲ್ ಹುವಲ್ಲಾಹುವಿನಲ್ಲಿ ಆ ಪದವನ್ನು ಗುರುತಿಸಿ ಹಿಗ್ಗಿದ. ಅಷ್ಟು ವರ್ಷ ಓದಿದ್ದ, ಅರ್ಥ ಗೊತ್ತಿರಲಿಲ್ಲ.

ಅವನು ಈಗ ಎಲ್ಲ ನಮಾಝ್‌ಗಳನ್ನೂ ನಿರ್ವಹಿಸುತ್ತಾನೆಂದು ಹೇಳಿದರೆ ಸುಳ್ಳಾದೀತು. ಮೊನ್ನೆ ಕ್ರಿಕೆಟ್ ಮುಗಿಸಿ ಮಗ್ರಿಬ್‌ನ ಅದಾನ್ ಆಗುವಾಗ ಮನೆಗೆ ಬಂದ. ಚಪ್ಪಲಿ ಬಿಡುತ್ತಲೇ, ನಾನೇನೂ ಕೇಳದಿದ್ದರೂ, ‘ಉಮ್ಮಾ, ಅಸರ್ ತಪ್ಪಿಹೋಯಿತು’ ಎಂದ. ‘ಮೊದಲು ಅದನ್ನು ಮಾಡಲೇ, ಮಗ್ರಿಬ್ ಮಾಡಲೇ?’ ಎಂದು ಕೇಳಿದ. ಅವನ ಅಂಗಿಯೆಲ್ಲ ಕೆಂಪು ಮಣ್ಣಾಗಿತ್ತು. ಅಸರ್ ಮೊದಲು ಎಂದು ಹೇಳಿ, ಬೇರೆ ಅಂಗಿ ತರಲು ಒಳಗೆ ಹೋದೆ.