ಸವೆತಕ್ಕೆ ಯಾರು ಹೊಣೆ?

ಪರದೆಯ ಮೇಲಿನ ವೀರ ತಾನಾಗಿಯೇ ಎಡಕ್ಕೆ ನಡೆಯುತ್ತಿದ್ದ. ಕಂಟ್ರೋಲರ್ ಸೋಫಾದ ಮೇಲೆ ಬಿದ್ದಿತ್ತು, ಯಾರೂ ಅದನ್ನು ಮುಟ್ಟಿರಲಿಲ್ಲ. “ಸೋತ ಸಿಟ್ಟಿಗೆ ಎತ್ತಿ ಬಿಸಾಡಿರ್ತೀಯ” ಎಂದು ಅಕ್ಕ ಮಗನನ್ನು ಗದರಿದಳು. “ದೇವರಾಣೆ ಇಲ್ಲಮ್ಮ” ಎಂದ ಹುಡುಗ. ನಾನು ಅವನ ಪಕ್ಷ. ಎಸೆದ ಕಂಟ್ರೋಲರ್‌ಗೆ ಗೀರೋ ಬಿರುಕೋ ಇರುತ್ತದೆ. ಇದರ ಮೈಮೇಲೆ ಏನೂ ಇರಲಿಲ್ಲ.

ಆಟದ ಲೋಕದಲ್ಲಿ ಈ ರೋಗಕ್ಕೆ ‘ಡ್ರಿಫ್ಟ್’ ಎನ್ನುತ್ತಾರೆ. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ಕಿನ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರ್‌ಗಳಿರುತ್ತವೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯೊಳಗೆ ಇರುತ್ತಿದ್ದಂಥವೇ. ಕಾರ್ಬನ್ ಲೇಪದ ಪಟ್ಟಿಯ ಮೇಲೆ ಲೋಹದ ನಾಲಿಗೆಯೊಂದು ಉಜ್ಜಿಕೊಂಡು ಓಡಾಡುತ್ತದೆ. ಉಜ್ಜಿದ ಕಡೆ ಲೇಪ ಸವೆಯುತ್ತದೆ, ಪುಡಿ ಕೂರುತ್ತದೆ. ಆಮೇಲೆ ನಟ್ಟನಡುವೆ ನಿಂತ ಸ್ಟಿಕ್ಕೂ ‘ನನ್ನನ್ನು ತಳ್ಳುತ್ತಿದ್ದಾರೆ’ ಎಂದೇ ವರದಿ ಮಾಡುತ್ತದೆ. ರೇಡಿಯೋ ಕರಕರ ಅನ್ನುತ್ತಿದ್ದದ್ದೂ ಇದೇ ಕಾರಣಕ್ಕೆ.

ಸವೆಯುವುದು ತಪ್ಪಲ್ಲ. ಕುಕ್ಕರಿನ ಗ್ಯಾಸ್ಕೆಟ್ಟೂ ಸವೆಯುತ್ತದೆ. ಹಾಗೆಂದು ಯಾರೂ ಕುಕ್ಕರ್ ಎಸೆಯುವುದಿಲ್ಲ, ‘ನೀನು ಅನ್ನ ಜಾಸ್ತಿ ಮಾಡಿದೆ’ ಎಂದು ಸೊಸೆಯನ್ನು ಬೈಯುವುದೂ ಇಲ್ಲ (ಬೈಯುವ ಮನೆಗಳು ಇರಬಹುದು, ಅದು ಬೇರೆ ಪ್ರಬಂಧ). ಬೀದಿ ಕೊನೆಯ ಪಾತ್ರೆ ಅಂಗಡಿಯಲ್ಲಿ ಹೊಸದು ತಂದು ಕೂರಿಸುತ್ತೇವೆ. ಕಂಟ್ರೋಲರ್‌ನ ಸ್ಟಿಕ್ಕನ್ನೋ, 14 ಕಡೆ ಬೆಸುಗೆ ಹಾಕಿ ಬೋರ್ಡಿಗೇ ಅಂಟಿಸಿದ್ದಾರೆ. ಸೋನಿಯ ಪ್ಲೇಸ್ಟೇಷನ್ 5ರ ಕಂಟ್ರೋಲರನ್ನು 2021ರಲ್ಲಿ ಬಿಚ್ಚಿ ನೋಡಿದ ರಿಪೇರಿ ಜಾಲತಾಣ ಐಫಿಕ್ಸಿಟ್ ಒಂದು ಲೆಕ್ಕ ಕೊಟ್ಟಿತು: ಈ ಬಿಡಿಭಾಗಕ್ಕೆ ಅದರ ತಯಾರಕರೇ ಹೇಳಿದ ಆಯುಷ್ಯ 20 ಲಕ್ಷ ಸುತ್ತು, ಗುಂಡು ಹಾರಿಸುವ ಆಟವಾದರೆ ಅದು ಸುಮಾರು 417 ಗಂಟೆಗೆ ಮುಗಿಯಬಹುದು. ಅಂದರೆ ಸವೆಯುತ್ತದೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಕೈಗೆ ಎಟುಕದಲ್ಲಿ ಕೂರಿಸಿದರೆ ಅದನ್ನು ಸವೆತ ಎನ್ನುವುದಕ್ಕಿಂತ ತೀರ್ಮಾನ ಎನ್ನಬೇಕು.

ಚಿಕ್ಕ ಜಾಗದಲ್ಲಿ, ಕಡಿಮೆ ಬೆಲೆಯಲ್ಲಿ ಬೇರೆ ದಾರಿಯಿಲ್ಲ ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಆದರೆ 1998ರಲ್ಲಿ ಬಂದ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲ್ ತನ್ನ ಕಂಟ್ರೋಲರ್‌ನಲ್ಲಿ ಆಗಲೇ ಅಯಸ್ಕಾಂತದ ಹಾಲ್ ಸೆನ್ಸರ್ ಬಳಸಿತ್ತು. ಅಲ್ಲಿ ಉಜ್ಜಾಟವೇ ಇಲ್ಲ. ಅಯಸ್ಕಾಂತವೂ ಸಂಜೀವಿನಿಯಲ್ಲ, ಸ್ಪ್ರಿಂಗು ಸಡಿಲಾಗುತ್ತದೆ, ಪ್ಲಾಸ್ಟಿಕ್ಕು ಸವೆಯುತ್ತದೆ. ಹಾಗಾಗಿ ನನ್ನ ವಾದ ಎಂದೂ ಸವೆಯದ್ದನ್ನು ಮಾಡಿ ಎಂದಲ್ಲ, ಬದಲಿಸಲು ಬಿಡಿ ಎಂದು. ಅದು ಸಾಧ್ಯ ಎಂದು ಸೋನಿಯೇ 2023ರಲ್ಲಿ ತೋರಿಸಿಕೊಟ್ಟಿತು. ಅದರ ‘ಎಡ್ಜ್’ ಕಂಟ್ರೋಲರ್‌ನಲ್ಲಿ ಸ್ಟಿಕ್ಕನ್ನು ಬೆಸುಗೆಯ ಗೊಡವೆಯಿಲ್ಲದೆ ಹೊರಗೆಳೆದು, 20 ಡಾಲರಿನ ಹೊಸದನ್ನು ಕೂರಿಸಬಹುದು. ಕಂಟ್ರೋಲರ್‌ನ ಬೆಲೆ ಮಾತ್ರ 200 ಡಾಲರ್. ಗ್ಯಾಸ್ಕೆಟ್ ಬದಲಿಸುವ ಸೌಲಭ್ಯ ಬೆಳ್ಳಿಯ ಕುಕ್ಕರಿಗೆ ಮಾತ್ರ!

ನಿಂಟೆಂಡೋ ಕಥೆ ಇನ್ನೂ ಉದ್ದ. 2017ರ ಸ್ವಿಚ್ ಕನ್ಸೋಲ್ ಜೊತೆ ಬಂದ ಜಾಯ್-ಕಾನ್ ಕಂಟ್ರೋಲರ್‌ಗಳು ಡ್ರಿಫ್ಟಿಗೇ ಹೆಸರಾದವು. ಅಮೆರಿಕದಲ್ಲಿ ಮೊಕದ್ದಮೆಗಳಾದವು. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೇಳಿದರು. ಮೊಕದ್ದಮೆ ನಡೆಯುತ್ತಿದೆಯೆಂದು ಕಾರಣ ಮಾತ್ರ ಬಾಯಿಬಿಡಲಿಲ್ಲ. ಯುರೋಪಿನ ಗ್ರಾಹಕ ಸಂಘಟನೆ ಸುಮಾರು 25,000 ದೂರುಗಳನ್ನು ಹಿಡಿದು 2021ರಲ್ಲಿ ಯುರೋಪಿಯನ್ ಆಯೋಗದ ಬಾಗಿಲು ತಟ್ಟಿತು. ಕೊನೆಗೆ 2023ರಲ್ಲಿ ಅಲ್ಲಿನವರಿಗೆ, ವಾರಂಟಿ ಮುಗಿದಿದ್ದರೂ, ಸವೆತದಿಂದಲೇ ಆಗಿದ್ದರೂ ರಿಪೇರಿ ಉಚಿತವಾಯಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಆ ‘ಸವೆತದಿಂದಲೇ ಆಗಿದ್ದರೂ’ ಎಂಬ ಮಾತು. ಬಳಸುವವನ ಕೈಯನ್ನು ದೂರುವ ಹಳೇ ಚಾಳಿ ಅಲ್ಲಿ ಮುರಿಯಿತು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆಂದು ಪೋರ್ಟಲ್ ತೆರೆದಿದೆ. ಆದರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ತಿಳಿಸುವುದು ಬೇರೆ, ಬಿಚ್ಚಲು ಬರುವಂತೆ ಮಾಡಿಸುವುದು ಬೇರೆ.

ಅಕ್ಕನ ಮಗನನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಕರೆದೊಯ್ದೆ. ಮೆಟ್ಟಿಲ ಕೆಳಗಿನ ಕಿರುಗೂಡಿನಲ್ಲಿ ಕೂತಿದ್ದ ಮೆಕ್ಯಾನಿಕ್ ಹುಡುಗನ ಮುಖವನ್ನೂ ನೋಡಲಿಲ್ಲ, ಹೇಗಾಯಿತು ಎಂದೂ ಕೇಳಲಿಲ್ಲ. ಐರನ್ ಕಾಯಿಸಿ, ಒಂದೊಂದೇ ಕಾಲಿನ ಸೀಸ ಹೀರಿ ತೆಗೆದ. ಕಿತ್ತ ಸ್ಟಿಕ್ಕನ್ನು ಪಕ್ಕದ ಬಿಸ್ಕತ್ ಡಬ್ಬಕ್ಕೆ ಹಾಕಿದ. ಡಬ್ಬ ಅಂಥವೇ ಸ್ಟಿಕ್ಕುಗಳಿಂದ ಅರ್ಧ ತುಂಬಿತ್ತು. “ಬಲಗಡೇದು ಇನ್ನೂ ಆರು ತಿಂಗಳು ಬರುತ್ತೆ ಸಾರ್” ಎಂದ. “ಈಗಲೇ ಹಾಕಿಬಿಡ್ಲಾ?”