ಊರೀಯನ ಕೈಯಲ್ಲಿದ್ದ ಪತ್ರ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಶನಿವಾರದ ಕೊನೆಯ ಪೀರಿಯಡ್ ನೆನಪಿರಬಹುದು. ಪಂಚತಂತ್ರವೋ, ಜಾತಕವೋ, ಬೈಬಲ್ಲೋ, ಒಂದು ಕಥೆಯಾಗದೆ ನೀವು ನನ್ನನ್ನು ಬಿಡುತ್ತಿರಲಿಲ್ಲ. ದಾವೀದನ ಕವಣೆಕಲ್ಲು ಗೊಲ್ಯಾತನ ಹಣೆಗೆ ಬಡಿದಾಗ ಇಡೀ ತರಗತಿ ಚಪ್ಪಾಳೆ ತಟ್ಟುತ್ತಿತ್ತು.

ಬೈಬಲ್ಲಿನ ಕಥೆಗಳನ್ನು ಮನೆಮಂದಿಯೆಲ್ಲ ಓದಬಹುದಾದ ಐತಿಹಾಸಿಕ ಕಾದಂಬರಿಗಳನ್ನಾಗಿ ಬರೆಯುವುದು ಸರಿಯೇ ಎಂದು ಈಚೆಗೆ ನನ್ನ ಸೋದರಸೊಸೆ ಕೇಳಿದಳು. ಅವಶ್ಯ ಬರೆಯಲಿ ಎಂದೆ. ಲ್ಯೂ ವಾಲೇಸ್ 1880ರ ‘ಬೆನ್‌ಹರ್’ನಲ್ಲಿ ಯೇಸುವನ್ನು ಅಂಚಿನಲ್ಲಿರಿಸಿ, ತಾನೇ ಕಲ್ಪಿಸಿದ ಯೆಹೂದಿ ಯುವಕನನ್ನು ನಡುವೆ ನಿಲ್ಲಿಸಿದ. ಮೂಲವು ಮೌನವಾಗಿರುವಲ್ಲಿ ಕಲ್ಪನೆಗೆ ಬೇಕಾದಷ್ಟು ಎಡೆಯಿದೆ. ಮೂಲವು ಬಾಯಿಬಿಟ್ಟು ಹೇಳಿದ್ದನ್ನು ಒರೆಸಿಹಾಕುವುದಕ್ಕೆ ಮಾತ್ರ ನನ್ನ ವಿರೋಧ.

ಎರಡನೆಯ ಸಮುವೇಲನ ಹನ್ನೊಂದನೆಯ ಅಧ್ಯಾಯವನ್ನೇ ನೋಡಿ. ಸಂಜೆ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದ ದಾವೀದನು ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ಕಂಡು ಕರೆಸಿಕೊಳ್ಳುತ್ತಾನೆ. ಅವಳು ಗರ್ಭಿಣಿಯಾದಾಗ, ಅವಳ ಗಂಡ ಊರೀಯನನ್ನು ರಣರಂಗದಿಂದ ಬರಮಾಡಿ, ಮನೆಗೆ ಹೋಗೆನ್ನುತ್ತಾನೆ. ಜೊತೆಯವರು ಬಯಲಿನಲ್ಲಿರುವಾಗ ತಾನು ಹೋಗಲಾರೆನೆಂದು ಊರೀಯನು ಅರಮನೆಯ ಬಾಗಿಲಲ್ಲೇ ಸೇವಕರೊಡನೆ ಮಲಗುತ್ತಾನೆ. ಆಗ ರಾಜನು ಸೇನಾಪತಿ ಯೋವಾಬನಿಗೆ ಪತ್ರ ಬರೆಯುತ್ತಾನೆ: ಇವನನ್ನು ಕಾಳಗ ಬಿರುಸಾಗಿರುವ ಕಡೆ ಮುಂದೆ ನಿಲ್ಲಿಸಿ, ನೀವು ಹಿಂದೆ ಸರಿಯಬೇಕು. ಆ ಪತ್ರವನ್ನು ಒಯ್ದವನು ಊರೀಯನೇ.

ಇಂಥ ರಾಜನನ್ನು ಒಳ್ಳೆಯವನನ್ನಾಗಿ ತೋರಿಸಹೊರಟರೆ ಊರೀಯನನ್ನು ಕೆಡಿಸಬೇಕಾಗುತ್ತದೆ. 1951ರ ‘ಡೇವಿಡ್ ಅಂಡ್ ಬತ್‌ಶೀಬಾ’ ಚಲನಚಿತ್ರದಲ್ಲಿ ಅವನು ಹೆಂಡತಿಯನ್ನು ಕಡೆಗಣಿಸಿ ಯುದ್ಧವನ್ನೇ ಹಂಬಲಿಸುವ ಒರಟ. ಪಾಪ, ಊರೀಯ!

ಹಾಗಾದರೆ ಮಕ್ಕಳಿಗೆ ಇದನ್ನು ಹೇಳುವುದೆಂತು? ಮುಂದಿನ ಅಧ್ಯಾಯದಲ್ಲಿ ಪ್ರವಾದಿ ನಾತಾನನೇ ದಾರಿ ತೋರಿದ್ದಾನೆ. ಬಹಳ ಕುರಿದನಗಳಿದ್ದ ಧನಿಕನೊಬ್ಬ ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ ಕಥೆಯನ್ನು ಅರಸನಿಗೆ ಹೇಳಿ, ಆ ಧನಿಕ ನೀನೇ ಎಂದ. ಅಸಭ್ಯವಾದ ಮಾತೊಂದಿಲ್ಲ; ಮುಚ್ಚಿಟ್ಟದ್ದೂ ಇಲ್ಲ.

ನನಗೆ ಆ ಧೈರ್ಯವಿರಲಿಲ್ಲ. ಊರೀಯನೆಂಬ ನಂಬಿಕಸ್ಥ ಯೋಧ ಯುದ್ಧದಲ್ಲಿ ಮಡಿದನೆಂದಷ್ಟೇ ತರಗತಿಯಲ್ಲಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಹೇಗೆ ಸತ್ತ ಸಾರ್?” ಎಂದ. “ಯುದ್ಧವೆಂದ ಮೇಲೆ ಯಾರಾದರೂ ಸಾಯುತ್ತಾರಪ್ಪ” ಎಂದೆ. ನಿವೃತ್ತಿಯ ನಂತರ ಆ ಅಧ್ಯಾಯವನ್ನು ನಿಧಾನವಾಗಿ ಓದುತ್ತ ಬೆಚ್ಚಿಬಿದ್ದೆ. ಊರೀಯನ ಮರಣವಾರ್ತೆ ಬಂದಾಗ ದಾವೀದನು ಯೋವಾಬನಿಗೆ ಹೇಳಿಕಳುಹಿಸುವ ಸಮಾಧಾನವೂ ಹೆಚ್ಚುಕಡಿಮೆ ಅದೇ: ಕತ್ತಿ ಯಾರನ್ನಾದರೂ ನುಂಗುತ್ತದೆ, ಚಿಂತಿಸಬೇಡ.

ಆ ಹುಡುಗ ಈಗ ಎಲ್ಲಿದ್ದಾನೋ. ಓದುತ್ತಿದ್ದರೆ, ಅಪ್ಪಾ, ಅಂದು ನೀನು ಕೇಳಿದ್ದಕ್ಕೆ ಉತ್ತರವನ್ನು ಮೇಲೆ ಬರೆದಿದ್ದೇನೆ.